ಓದುಗರು ಮೊಬೈಲಿನಲ್ಲಿ ಏನು ಹುಡುಕುತ್ತಾರೆ? ಊರಿನ ಗ್ರಂಥಾಲಯಕ್ಕೆ ಒಂದು ಮಾರ್ಗದರ್ಶಿ

"ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಬೇಕಾದದ್ದೆಲ್ಲ ಗೂಗಲ್‌ನಲ್ಲಿ ಸಿಗುತ್ತದೆ. ಇನ್ನು ನಮ್ಮ ಗ್ರಂಥಾಲಯಕ್ಕೆ ಯಾರು ಬರುತ್ತಾರೆ?" ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು, ಶಾಲಾ ಗ್ರಂಥಾಲಯ ನೋಡಿಕೊಳ್ಳುವ ಶಿಕ್ಷಕರು, ವಾಚನಾಲಯ ಸಮಿತಿಯವರು ಕೇಳುತ್ತಲೇ ಇರುವ ಪ್ರಶ್ನೆ ಇದು. ಇಲ್ಲಿ ಅದಕ್ಕೆ ಸಮಾಧಾನದ ಮಾತಿಲ್ಲ, ಮಾಡಬೇಕಾದ ಕೆಲಸದ ವಿವರವಿದೆ.

ಮೊದಲು ತೊಂದರೆ ಎಲ್ಲಿದೆ ಎಂದು ನೋಡಿ. ಶಿರಸಿಯ ತೋಟಿಗರೊಬ್ಬರು ಮೊಬೈಲಿನಲ್ಲಿ "ಅಡಿಕೆ ಕೊಳೆಗೆ ಏನು ಹೊಡೆಯಬೇಕು" ಎಂದು ಹುಡುಕುತ್ತಾರೆ. ಅದೇ ಪ್ರಶ್ನೆ ಹೊತ್ತು ಗ್ರಂಥಾಲಯಕ್ಕೆ ಬಂದರೆ ನಮ್ಮ ಕಪಾಟು "ಕೃಷಿ ವಿಜ್ಞಾನ" ಎಂದು ಉತ್ತರಿಸುತ್ತದೆ. ಉತ್ತರವಿರುವ ಪುಸ್ತಕ ಅದೇ ಕಪಾಟಿನ ಮೂರನೆಯ ಸಾಲಿನಲ್ಲಿದ್ದರೂ ಅವರಿಗೆ ಸಿಗುವುದಿಲ್ಲ. ಜನ ತಮ್ಮ ಕಷ್ಟದ ಮಾತಿನಲ್ಲಿ ಹುಡುಕುತ್ತಾರೆ, ನಾವು ವಿಷಯದ ಮಾತಿನಲ್ಲಿ ಜೋಡಿಸಿಡುತ್ತೇವೆ. ಈ ಎರಡು ಮಾತುಗಳ ನಡುವಿನ ದೂರವನ್ನು ಕಡಿಮೆ ಮಾಡುವುದಷ್ಟೇ ಮುಂದಿನ ಹಂತಗಳ ಉದ್ದೇಶ.

ಏನೇನು ಬೇಕು

ಇನ್ನೂರು ಪುಟದ ಒಂದು ಗೆರೆ ಪುಸ್ತಕ, ಇಂಟರ್ನೆಟ್ ಇರುವ ಒಂದು ಮೊಬೈಲ್ ಅಥವಾ ಕಂಪ್ಯೂಟರ್, ವಾರಕ್ಕೆ ಅರ್ಧ ಗಂಟೆ. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದು, ಹೆಸರಿಗೆ "ಅರಿವು ಕೇಂದ್ರ" ಸೇರಿಕೊಂಡ ಮೇಲೆ ಅನೇಕ ಕಡೆ ಕಂಪ್ಯೂಟರ್ ಬಂದಿದೆ. ನಿಮ್ಮಲ್ಲಿ ಇನ್ನೂ ಬಂದಿಲ್ಲವಾದರೆ, ಅಥವಾ ಬಂದದ್ದು ಮಳೆಗಾಲದ ಕರೆಂಟಿಗೆ ಹೆದರಿ ಮುಸುಕು ಹಾಕಿಕೊಂಡು ಕುಳಿತಿದ್ದರೆ ಚಿಂತೆ ಬೇಡ. ಈ ಕೆಲಸದ ಮುಖ್ಯ ಭಾಗ ನಡೆಯುವುದು ಗೆರೆ ಪುಸ್ತಕದಲ್ಲಿ.

ಹಂತ 1: ಒಂದು ಗುಂಪನ್ನು ಆರಿಸಿಕೊಳ್ಳಿ

"ಜನ ಏನು ಹುಡುಕುತ್ತಾರೆ" ಎಂಬ ಪ್ರಶ್ನೆ ಬಹಳ ದೊಡ್ಡದು. ಅದರ ಹಿಂದೆ ಹೊರಟವರು ತಿಂಗಳೊಳಗೆ ಸುಸ್ತಾಗುತ್ತಾರೆ. ನಿಮ್ಮ ಗ್ರಂಥಾಲಯದ ಸುತ್ತಲಿನ ಒಂದು ಗುಂಪಿನಿಂದ ಆರಂಭಿಸಿ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು, ಅಡಿಕೆ ಬೆಳೆಗಾರರು, ಮೀನುಗಾರ ಕುಟುಂಬಗಳು, ಹೈಸ್ಕೂಲು ಮಕ್ಕಳು, ಇವರಲ್ಲಿ ಒಬ್ಬರು. ಕಾರವಾರದ ಅಂಚಿನ ಗ್ರಂಥಾಲಯಕ್ಕೂ ಸಿದ್ದಾಪುರದ ಒಳಹಳ್ಳಿಯ ಗ್ರಂಥಾಲಯಕ್ಕೂ ಒಂದೇ ಗುಂಪು ಹೊಂದುವುದಿಲ್ಲ. ಬೇರೆಯವರ ಪಟ್ಟಿಯನ್ನು ನಕಲು ಮಾಡಬೇಡಿ.

ಹಂತ 2: ಕೌಂಟರಿನಲ್ಲಿ ಹುಡುಕಾಟದ ಪುಸ್ತಕ ಇಡಿ

ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ನೇರವಾಗಿ ಗೂಗಲ್‌ನ ಅಂಕಿಅಂಶಗಳತ್ತ ಓಡುತ್ತಾರೆ. ಸಣ್ಣ ಊರಿನ ಮಟ್ಟಿಗೆ ಅದು ಎರಡನೆಯ ದರ್ಜೆಯ ಮೂಲ. ಮೊದಲ ದರ್ಜೆಯದು ನಿಮ್ಮ ಮೇಜಿನ ಮುಂದೆ ನಿಂತು ಜನ ಆಡುವ ಮಾತು. ಅದನ್ನು ಬರೆದಿಡುವ ಪದ್ಧತಿ ನಮ್ಮಲ್ಲಿ ಇಲ್ಲ. ಹಾಜರಿ ಪುಸ್ತಕವಿದೆ, ಎರವಲು ಪುಸ್ತಕವಿದೆ. ಕೇಳಿ ಸಿಗದೆ ಹೋದವರ ಲೆಕ್ಕ ಎಲ್ಲಿಯೂ ಇಲ್ಲ.

ಗೆರೆ ಪುಸ್ತಕದಲ್ಲಿ ನಾಲ್ಕು ಕಲಮು ಎಳೆಯಿರಿ. ಮೊದಲನೆಯದು ದಿನಾಂಕ. ಎರಡನೆಯದು ಕೇಳಿದ ಮಾತು, ಬಾಯಲ್ಲಿ ಬಂದ ಹಾಗೆಯೇ. ಮೂರನೆಯದು ಇಲ್ಲಿಗೆ ಬರುವ ಮೊದಲು ಮೊಬೈಲಿನಲ್ಲಿ ಏನೆಂದು ಹುಡುಕಿದ್ದರು. ನಾಲ್ಕನೆಯದು ಸಿಕ್ಕಿತೇ, ಇಲ್ಲವೇ, ಅರ್ಧ ಸಿಕ್ಕಿತೇ.

ಎರಡನೆಯ ಕಲಮಿನಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ: ಓದುಗರ ಮಾತನ್ನು ತಿದ್ದಿ ಬರೆಯುತ್ತಾರೆ. "ದನಕ್ಕೆ ಕೆಚ್ಚಲು ಬಾವು ಬಂದದೆ, ಏನಾದರೂ ಇದ್ದರೆ ಕೊಡಿ" ಎಂದು ಬಂದವರನ್ನು "ಪಶುವೈದ್ಯಕೀಯ" ಎಂದು ದಾಖಲಿಸಿದರೆ ನಿಮಗೆ ಬೇಕಾಗಿದ್ದ ಮಾಹಿತಿ ಅಲ್ಲಿಗೇ ಮುಗಿಯಿತು. "ಕೆಚ್ಚಲು ಬಾವು" ಎಂಬುದೇ ಬೇಕಾದದ್ದು. ನಾಳೆ ಆ ಪುಸ್ತಕದ ಮೇಲೆ ಅಂಟಿಸುವ ಚೀಟಿಯಲ್ಲಿ ಬರೆಯುವುದು ಅದನ್ನೇ.

ಮೂರನೆಯ ಕಲಮು ತುಂಬುವುದು ಸ್ವಲ್ಪ ನಾಜೂಕಿನ ಕೆಲಸ. "ಮೊಬೈಲಿನಲ್ಲಿ ನೋಡಿದ್ದಿರಾ? ಏನೆಂದು ಹಾಕಿದ್ದಿರಿ?" ಎಂದು ಸಹಜವಾಗಿ ಕೇಳಿ. ಅನೇಕರು ತಾವೇ ಫೋನ್ ತೆಗೆದು ತೋರಿಸುತ್ತಾರೆ. ತೋರಿಸದಿದ್ದರೆ ಒತ್ತಾಯ ಬೇಡ.

ಗ್ರಂಥಾಲಯ ವಿಜ್ಞಾನದಲ್ಲಿ ಇದಕ್ಕೆ ಹಳೆಯ ಆಧಾರವಿದೆ. ಅಮೆರಿಕದ ರಾಬರ್ಟ್ ಟೇಲರ್ 1968ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು: ಮನುಷ್ಯನ ಅಗತ್ಯ ಒಳಗೆ ಒಂದು ರೂಪದಲ್ಲಿರುತ್ತದೆ, ಮಾತಾಗಿ ಹೊರಬರುವಾಗ ಇನ್ನೊಂದು ರೂಪ ತಾಳುತ್ತದೆ, ಗ್ರಂಥಾಲಯದ ಮೇಜಿನ ಮುಂದೆ ನಿಂತಾಗ "ಇವರ ಹತ್ತಿರ ಏನು ಸಿಗಬಹುದು" ಎಂದು ಊಹಿಸಿ ಮತ್ತೂ ಕುಗ್ಗಿಸಿ ಕೇಳುತ್ತಾನೆ. "ಕಾನೂನಿನ ಪುಸ್ತಕ ಇದೆಯೇ?" ಎಂದು ಕೇಳುವವರಿಗೆ ನಮ್ಮ ಜಿಲ್ಲೆಯಲ್ಲಿ ಬೇಕಾಗಿರುವುದು ಬಹಳ ಸಲ ಅರಣ್ಯ ಭೂಮಿಯ ಅರ್ಜಿಗೆ ದಾಖಲೆ. ಕಾನೂನು ಪುಸ್ತಕ ಕೊಟ್ಟು ಕಳುಹಿಸಿದರೆ ಅವರು ಮತ್ತೆ ಬರುವುದಿಲ್ಲ.

ಆದ್ದರಿಂದ ಒಂದು ಮರುಪ್ರಶ್ನೆ ರೂಢಿ ಮಾಡಿಕೊಳ್ಳಿ: "ಇದರಿಂದ ಯಾವ ಕೆಲಸ ಆಗಬೇಕು?" "ಯಾಕೆ ಬೇಕು?" ಎಂದು ಮಾತ್ರ ಕೇಳಬೇಡಿ. ಸರ್ಕಾರಿ ಕಟ್ಟಡದೊಳಗೆ ಆ ಪ್ರಶ್ನೆ ವಿಚಾರಣೆಯಂತೆ ಕೇಳಿಸುತ್ತದೆ. ಹಿರಿಯರು "ಏನಿಲ್ಲ, ಸುಮ್ಮನೆ" ಎಂದು ಹೇಳಿ ಪತ್ರಿಕೆಯತ್ತ ತಿರುಗಿಬಿಡುತ್ತಾರೆ.

ಎಚ್ಚರಿಕೆ: ಪುಸ್ತಕದಲ್ಲಿ ಹೆಸರು, ಮನೆ, ಫೋನ್ ನಂಬರ್ ಬರೆಯಬೇಡಿ. ಇದರ ಕಾರಣ ಹಂತ 5ರಲ್ಲಿದೆ.

ಹಂತ 3: ಹೊರಗಿನ ಸುಳಿವುಗಳನ್ನು ನೋಡಿ

ಎರಡು ಮೂರು ವಾರ ಪುಸ್ತಕ ತುಂಬಿದ ಮೇಲೆ ಗೂಗಲ್ ಕಡೆ ಹೋಗಿ. ಈಗ ನಿಮ್ಮ ಕೈಯಲ್ಲಿ ಮಾತುಗಳಿವೆ, ಬರಿಗೈಯಲ್ಲಿ ಹೋಗುತ್ತಿಲ್ಲ.

ಮೊದಲು ಹುಡುಕಾಟದ ಪೆಟ್ಟಿಗೆ ಕೊಡುವ ಸಲಹೆಗಳು. ಬ್ರೌಸರಿನಲ್ಲಿ ಅಜ್ಞಾತ ಕಿಟಕಿಯನ್ನು, ಅಂದರೆ ನಿಮ್ಮ ಹಳೆಯ ಹುಡುಕಾಟಗಳ ನೆರಳು ಬೀಳದ ಕಿಟಕಿಯನ್ನು, ತೆರೆಯಿರಿ. "ಅಡಿಕೆ" ಎಂದು ಟೈಪ್ ಮಾಡಿ ಅಲ್ಲಿಗೇ ನಿಲ್ಲಿಸಿ. ಕೆಳಗೆ ಇಳಿಯುವ ಸಾಲುಗಳನ್ನು ಬರೆದುಕೊಳ್ಳಿ. ಬಳಿಕ "ಅಡಿಕೆ ಕ", "ಅಡಿಕೆ ದ", "ಅಡಿಕೆ ರ" ಹೀಗೆ ಒಂದೊಂದು ಅಕ್ಷರ ಸೇರಿಸುತ್ತ ಹೋಗಿ. ಈ ಸಾಲುಗಳು ಬಹುಮಟ್ಟಿಗೆ ಇತರರು ನಿಜವಾಗಿ ಹುಡುಕಿದ್ದರಿಂದ ಹುಟ್ಟಿದವು. ಇದೇ ಕೆಲಸವನ್ನು ಯೂಟ್ಯೂಬಿನಲ್ಲಿಯೂ ಮಾಡಿ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸುವುದು, ಅಡಿಕೆ ಮರಕ್ಕೆ ಔಷಧ ಹೊಡೆಯುವುದು, ಬಲೆ ಹೆಣೆಯುವುದು ಇಂಥ ಕೈಕೆಲಸದ ವಿಷಯಗಳನ್ನು ಜನ ಓದುವುದಕ್ಕಿಂತ ನೋಡಲು ಇಷ್ಟಪಡುತ್ತಾರೆ. ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ.

ಎರಡನೆಯದು ಗೂಗಲ್ ಟ್ರೆಂಡ್ಸ್. ಯಾವ ಪದದ ಹುಡುಕಾಟ ಯಾವಾಗ ಏರಿತು, ಇಳಿಯಿತು ಎಂದು 2004ರಿಂದ ಈಚೆಗೆ ತೋರಿಸುವ ಉಚಿತ ತಾಣ ಇದು. ಏಕಕಾಲಕ್ಕೆ ಹಲವು ಪದಗಳನ್ನು ಹೋಲಿಸಬಹುದು. ಇಲ್ಲಿ ಜಾರಿ ಬೀಳುವ ಜಾಗಗಳು ಮೂರು.

ಒಂದು, ಅದರ ಅಂಕಿ ಎಣಿಕೆಯಲ್ಲ. 100 ಎಂದರೆ ನೂರು ಜನ ಹುಡುಕಿದರು ಎಂದಲ್ಲ. ನೀವು ಆರಿಸಿದ ಅವಧಿಯಲ್ಲಿ ಆ ಪದ ಮುಟ್ಟಿದ ಅತಿ ಎತ್ತರ ಎಂದಷ್ಟೇ. ಎರಡು, ಹುಡುಕಾಟ ಕಡಿಮೆ ಇದ್ದರೆ ಅದು ಸೊನ್ನೆ ತೋರಿಸುತ್ತದೆ. ತಾಲೂಕು ಮಟ್ಟದ ಸಂಗತಿಗೆ ಇದನ್ನು ನಂಬಿ ಕೂರುವುದು ವ್ಯರ್ಥ. ಕರ್ನಾಟಕ ಎಂದು ಆರಿಸಿ ಋತುವಿನ ಏರಿಳಿತವನ್ನು ಮಾತ್ರ ನೋಡಿ. ಮೂರನೆಯದು ನಮ್ಮ ಕರಾವಳಿಗೇ ವಿಶೇಷ. "ಗೋಕರ್ಣ", "ಮುರ್ಡೇಶ್ವರ", "ಕಾರವಾರ" ಎಂದು ಹುಡುಕುವವರಲ್ಲಿ ದೊಡ್ಡ ಪಾಲು ಪ್ರವಾಸಕ್ಕೆ ಹೊರಟ ಹೊರಊರಿನವರದು. ಆ ಗೆರೆ ಏರಿತೆಂದು ಗೋಕರ್ಣದ ಸ್ಥಳಪುರಾಣದ ಹತ್ತು ಪ್ರತಿ ತರಿಸಿದರೆ ಅವು ಕಪಾಟಿನಲ್ಲೇ ಉಳಿಯುತ್ತವೆ. ಬೀಚಿಗೆ ದಾರಿ ಹುಡುಕುವವರು ನಿಮ್ಮ ಓದುಗರಲ್ಲ.

ಮೂರನೆಯ ಸುಳಿವನ್ನು ಹೆಚ್ಚಿನವರು ಗಮನಿಸಿಯೇ ಇಲ್ಲ. ಗೂಗಲ್ ನಕಾಶೆಯಲ್ಲಿ ನಿಮ್ಮ ಗ್ರಂಥಾಲಯದ ಗುರುತು ಇದೆಯೇ ನೋಡಿ. ಅದರ ಒಡೆತನವನ್ನು ಗ್ರಂಥಾಲಯದ ಹೆಸರಿನಲ್ಲಿ ದೃಢಪಡಿಸಿಕೊಂಡರೆ, ಜನ ಯಾವ ಪದ ಹಾಕಿದಾಗ ನಿಮ್ಮ ಗುರುತು ಅವರಿಗೆ ಕಾಣಿಸಿತು ಎಂಬ ಪಟ್ಟಿ ಸಿಗುತ್ತದೆ. ತೆರೆಯುವ ವೇಳೆ ತಪ್ಪಾಗಿದ್ದರೆ ತಿದ್ದಲು ಇದೇ ಅವಕಾಶ. ಮಧ್ಯಾಹ್ನ ಮುಚ್ಚಿರುವ ಬಾಗಿಲಿಗೆ ದೂರದಿಂದ ಬಂದವರನ್ನು ಮತ್ತೆ ಕರೆತರುವುದು ಕಷ್ಟ.

ಹಂತ 4: ನಿಮ್ಮದೇ ಗ್ರಂಥಸೂಚಿಯಲ್ಲಿ ಸೋತ ಹುಡುಕಾಟಗಳು

ಗ್ರಂಥಸೂಚಿ, ಅಂದರೆ ಪುಸ್ತಕಗಳ ಪಟ್ಟಿ, ಇನ್ನೂ ಕಂಪ್ಯೂಟರಿಗೆ ಏರದವರು ಈ ಹಂತವನ್ನು ಬಿಟ್ಟು ಮುಂದೆ ಹೋಗಬಹುದು. ಕಾಲೇಜು ಗ್ರಂಥಾಲಯಗಳಲ್ಲಿ, ಕೆಲವು ನಗರ ಗ್ರಂಥಾಲಯಗಳಲ್ಲಿ ಕೋಹಾ ಅಥವಾ ಇ-ಗ್ರಂಥಾಲಯ ತಂತ್ರಾಂಶ ಇರುತ್ತದೆ. ಮೊದಲನೆಯದು ಉಚಿತ ಮುಕ್ತ ತಂತ್ರಾಂಶ, ಎರಡನೆಯದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ್ದು. ಓದುಗರೇ ಕುಳಿತು ಹುಡುಕಬಹುದಾದ ಅದರ ಪುಟಕ್ಕೆ ಓಪ್ಯಾಕ್ ಎನ್ನುತ್ತಾರೆ.

ತಂತ್ರಾಂಶ ನೋಡಿಕೊಳ್ಳುವವರಿಗೆ ಒಂದೇ ಪ್ರಶ್ನೆ ಕೇಳಿ: "ಏನೂ ಸಿಗದೆ ಮುಗಿದ ಹುಡುಕಾಟಗಳ ಪಟ್ಟಿ ತೆಗೆದುಕೊಡಬಹುದೇ, ಹುಡುಕಿದವರ ಹೆಸರು ಬಿಟ್ಟು?" ಅವರಲ್ಲಿ ವ್ಯವಸ್ಥೆ ಇಲ್ಲದಿದ್ದರೆ ಓಪ್ಯಾಕ್ ಪುಟಕ್ಕೆ ಮಟೊಮೊ ಎಂಬ ಮುಕ್ತ ತಂತ್ರಾಂಶ ಜೋಡಿಸಬಹುದು. ತಾಣದೊಳಗಿನ ಹುಡುಕಾಟಗಳಲ್ಲಿ ಫಲ ಸಿಗದವನ್ನು ಬೇರೆಯಾಗಿ ತೋರಿಸುವ ಸೌಲಭ್ಯ ಅದರಲ್ಲಿದೆ.

ಆ ಪಟ್ಟಿಯನ್ನು ಮೂರು ಗುಡ್ಡೆ ಮಾಡಿ: ಪುಸ್ತಕ ನಿಜಕ್ಕೂ ಇಲ್ಲದ್ದು, ಪುಸ್ತಕವಿದ್ದು ಹೆಸರು ಹೊಂದದೆ ಸಿಗದದ್ದು, ಗ್ರಂಥಾಲಯಕ್ಕೆ ಸಂಬಂಧವೇ ಇಲ್ಲದ್ದು. ನಮ್ಮ ಕಡೆಯ ಗ್ರಂಥಸೂಚಿಗಳಲ್ಲಿ ಎರಡನೆಯ ಗುಡ್ಡೆ ದೊಡ್ಡದಾಗಿದ್ದರೆ ಆಶ್ಚರ್ಯವಿಲ್ಲ. ಅದನ್ನು ಸರಿಪಡಿಸಲು ಹಣ ಬೇಕಿಲ್ಲ ಎಂಬುದು ಸಂತೋಷದ ಸಂಗತಿ.

ಹಂತ 5: ಮಾತನ್ನು ಇಟ್ಟುಕೊಳ್ಳಿ, ಮನುಷ್ಯನನ್ನು ಬಿಡಿ

ಮುಂದೆ ಹೋಗುವ ಮೊದಲು ಇಲ್ಲಿ ಸ್ವಲ್ಪ ನಿಲ್ಲಬೇಕು. 2006ರಲ್ಲಿ ಅಮೆರಿಕದ ಎಒಎಲ್ ಎಂಬ ಇಂಟರ್ನೆಟ್ ಸಂಸ್ಥೆ ಸಂಶೋಧಕರಿಗೆ ನೆರವಾಗಲೆಂದು ಸುಮಾರು ಆರೂವರೆ ಲಕ್ಷ ಬಳಕೆದಾರರ ಮೂರು ತಿಂಗಳ ಹುಡುಕಾಟಗಳನ್ನು ಬಹಿರಂಗಪಡಿಸಿತು. ಹೆಸರುಗಳನ್ನು ತೆಗೆದು ಸಂಖ್ಯೆಗಳನ್ನು ಹಾಕಿದ್ದರು. ಆದರೂ ಪತ್ರಕರ್ತರು ಹುಡುಕಾಟದ ಮಾತುಗಳನ್ನೇ ಜೋಡಿಸಿ ಒಬ್ಬ ಮಹಿಳೆಯ ಮನೆ ಬಾಗಿಲು ತಲುಪಿದರು. ಲಕ್ಷಾಂತರ ಜನರ ನಡುವೆ ಇಷ್ಟು ಸುಲಭವಾದರೆ, ಎಲ್ಲರಿಗೂ ಎಲ್ಲರ ಪರಿಚಯವಿರುವ ಮುನ್ನೂರು ಮನೆಯ ಊರಿನಲ್ಲಿ ಒಂದೇ ಸಾಲು ಸಾಕು.

ಹೀಗಾಗಿ ಕೆಲವು ಕಟ್ಟುನಿಟ್ಟು. ಗ್ರಂಥಾಲಯದ ಕಂಪ್ಯೂಟರಿನ ಬ್ರೌಸರ್ ಇತಿಹಾಸವನ್ನು ತೆರೆದು ಓದಬೇಡಿ. ಅದು ನಿಮ್ಮ ಮಾಹಿತಿ ಮೂಲವಲ್ಲ. ಮುಚ್ಚಿದೊಡನೆ ಇತಿಹಾಸ ತಾನೇ ಅಳಿಯುವಂತೆ ಬ್ರೌಸರನ್ನು ಹೊಂದಿಸಿ. ಇಲ್ಲವಾದರೆ ಒಬ್ಬರು ಬ್ಯಾಂಕ್ ಖಾತೆ ತೆರೆದಿಟ್ಟು ಎದ್ದು ಹೋದದ್ದು ಮುಂದಿನವರಿಗೆ ಕಾಣುತ್ತದೆ. ಕಾಯಿಲೆ, ಸಾಲ, ಕುಟುಂಬ ಕಲಹ, ಗರ್ಭಧಾರಣೆ, ಜಾತಿ ಇವುಗಳಿಗೆ ಸಂಬಂಧಿಸಿದ ಪ್ರಶ್ನೆ ಬಂದರೆ ಹುಡುಕಾಟದ ಪುಸ್ತಕದಲ್ಲಿ "ಆರೋಗ್ಯ" ಅಥವಾ "ಕಾನೂನು ನೆರವು" ಎಂದಷ್ಟೇ ಬರೆಯಿರಿ. ಓದುಗರ ಮಾತನ್ನು ತಿದ್ದಬೇಡಿ ಎಂಬ ಹಿಂದಿನ ಸೂಚನೆಗೆ ಇದೊಂದೇ ವಿನಾಯಿತಿ. ಮಕ್ಕಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು, ಅವರ ಡಿಜಿಟಲ್ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು.

ಮೇಲ್ವಿಚಾರಣೆಗೆ ಬಂದ ಅಧಿಕಾರಿ "ಯಾರು ಕೇಳಿದ್ದು?" ಎಂದು ಕೇಳಿದರೆ "ಬರೆದಿಲ್ಲ ಸರ್" ಎನ್ನಿ. ಬರೆಯದ ಹೆಸರನ್ನು ಯಾರೂ ಬಯಲು ಮಾಡಲಾರರು.

ಹಂತ 6: ಪ್ರಶ್ನೆಗಳನ್ನು ಬಗೆಯ ಪ್ರಕಾರ ವಿಂಗಡಿಸಿ

ಹುಡುಕಾಟಗಳನ್ನು ಮೂರಾಗಿ ವಿಂಗಡಿಸುವ ಪದ್ಧತಿಯನ್ನು ಕಂಪ್ಯೂಟರ್ ವಿಜ್ಞಾನಿ ಆಂಡ್ರೆ ಬ್ರೋಡರ್ 2002ರಲ್ಲಿ ಕೊಟ್ಟರು. ಇಂದಿಗೂ ಅದು ಕೆಲಸಕ್ಕೆ ಬರುತ್ತದೆ. ತಿಳಿಯಲು ಹುಡುಕುವುದು, ಗೊತ್ತಿರುವ ಒಂದು ಜಾಗಕ್ಕೆ ತಲುಪಲು ಹುಡುಕುವುದು, ಏನನ್ನಾದರೂ ಮಾಡಿ ಮುಗಿಸಲು ಹುಡುಕುವುದು. ಮೂರಕ್ಕೂ ಗ್ರಂಥಾಲಯ ಕೊಡಬೇಕಾದ ಸೇವೆ ಬೇರೆ ಬೇರೆ. ಎಲ್ಲದಕ್ಕೂ ಪುಸ್ತಕ ಕೊಡಲು ಹೋಗುವುದೇ ನಮ್ಮ ದೊಡ್ಡ ಚಾಳಿ.

"ಎಲೆಚುಕ್ಕಿ ರೋಗ ಯಾಕೆ ಬರುತ್ತದೆ" ಮೊದಲ ಬಗೆಯದು. ಇದಕ್ಕೆ ಪುಸ್ತಕ, ಕೃಷಿ ಪತ್ರಿಕೆಯ ಹಳೆಯ ಸಂಚಿಕೆ, ತೋಟಗಾರಿಕೆ ಇಲಾಖೆಯ ಕರಪತ್ರ ಬೇಕು.

"ಪಹಣಿ ನೋಡುವುದು", "ಎಸ್ಎಸ್ಎಲ್‌ಸಿ ಫಲಿತಾಂಶ" ಎರಡನೆಯ ಬಗೆಯವು. ಇವರಿಗೆ ಬೇಕಾದದ್ದು ಸರಿಯಾದ ವಿಳಾಸ. ಪಹಣಿ ಸಿಗುವ "ಭೂಮಿ", ಸರ್ಕಾರಿ ಸೇವೆಗಳ "ಸೇವಾ ಸಿಂಧು", ವಿದ್ಯಾರ್ಥಿವೇತನದ ತಾಣ ಮೊದಲಾದ ಹತ್ತು ಹನ್ನೆರಡು ವಿಳಾಸಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕಂಪ್ಯೂಟರ್ ಪಕ್ಕದ ಗೋಡೆಗೆ ಅಂಟಿಸಿ, ಬ್ರೌಸರಿನಲ್ಲೂ ಗುರುತು ಹಾಕಿಡಿ. ಹುಡುಕಾಟದ ಪುಟದ ಮೇಲ್ತುದಿಯಲ್ಲಿ "ಪ್ರಾಯೋಜಿತ" ಎಂದು ಬರುವ ಸಾಲು ಹಣ ಕೊಟ್ಟು ಹಾಕಿಸಿದ ಜಾಹೀರಾತು. ಸರ್ಕಾರಿ ತಾಣವನ್ನೇ ಹೋಲುವ ನಕಲಿ ತಾಣಗಳ ಬಲೆಗೆ ಜನ ಬೀಳುವುದು ವಿಳಾಸದ ಕೊನೆಯನ್ನು ನೋಡದೆ ಒತ್ತುವುದರಿಂದ. "ಜಿಓವಿ ಡಾಟ್ ಇನ್" ಅಥವಾ "ಎನ್ಐಸಿ ಡಾಟ್ ಇನ್" ಎಂದು ಮುಗಿಯುತ್ತದೆಯೇ ನೋಡಿ ಎಂಬುದನ್ನು ಅದೇ ಕಾಗದದ ಕೆಳಗೆ ಬರೆಯಿರಿ.

"ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು" ಮೂರನೆಯ ಬಗೆ. ಇವರಿಗೆ ಕಂಪ್ಯೂಟರ್ ವೇಳೆ, ಸ್ಕ್ಯಾನರ್, ಪಕ್ಕದಲ್ಲಿ ಕೂರುವ ಒಬ್ಬರು ಬೇಕು. ಅವರ ಪರವಾಗಿ ನೀವೇ ಓಟಿಪಿ ಪಡೆದು ಅರ್ಜಿ ತುಂಬಬೇಡಿ. ದಾರಿ ತೋರಿಸಿ, ಕೀಲಿಮಣೆ ಅವರ ಕೈಯಲ್ಲಿರಲಿ.

ಮೊದಲ ಬಗೆಯ ಹುಡುಕಾಟ ಒಂದೇ ಸಲಕ್ಕೆ ಮುಗಿಯುವುದಿಲ್ಲ ಎಂಬುದನ್ನೂ ನೆನಪಿಡಿ. ಮಾಹಿತಿ ವಿಜ್ಞಾನಿ ಮಾರ್ಸಿಯಾ ಬೇಟ್ಸ್ 1989ರಲ್ಲಿ ಇದನ್ನು ಕಾಡುಹಣ್ಣು ಕೀಳುವುದಕ್ಕೆ ಹೋಲಿಸಿದರು. ಬ್ಯಾಣದಲ್ಲಿ ಕವಳಿ ಹಣ್ಣು ಕೊಯ್ದವರಿಗೆ ಇದನ್ನು ವಿವರಿಸಬೇಕಿಲ್ಲ: ಒಂದು ಮಟ್ಟಿಯಲ್ಲಿ ನಾಲ್ಕು, ಪಕ್ಕದ ಮಟ್ಟಿಯಲ್ಲಿ ಎರಡು, ನಡುವೆ ಮುಳ್ಳು. ಒಂದು ಮಾಹಿತಿ ಸಿಕ್ಕಾಗ ಪ್ರಶ್ನೆಯೇ ಬದಲಾಗುತ್ತದೆ. "ಕೊಳೆಗೆ ಔಷಧ" ಎಂದು ಬಂದವರು ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಓದಿದ ಕ್ಷಣ "ಮೈಲುತುತ್ತಕ್ಕೆ ಸಹಾಯಧನ ಇದೆಯೇ" ಎಂದು ಕೇಳುತ್ತಾರೆ. ರೋಗದ ಪುಸ್ತಕದ ಪಕ್ಕದಲ್ಲೇ ಸಹಾಯಧನದ ಕರಪತ್ರ ಇದ್ದರೆ ಅವರು ಎದ್ದು ಹೋಗುವುದಿಲ್ಲ. ವರ್ಗಸಂಖ್ಯೆಯ, ಅಂದರೆ ವಿಷಯಕ್ಕೆ ತಕ್ಕಂತೆ ಪುಸ್ತಕಕ್ಕೆ ಕೊಡುವ ಸಂಖ್ಯೆಯ, ಪ್ರಕಾರ ಅವೆರಡೂ ಬೇರೆ ಕಪಾಟಿನಲ್ಲಿರಬೇಕು ಎನ್ನುವವರಿಗೆ ನನ್ನ ಉತ್ತರ: ಒಂದು ಸಣ್ಣ ಮೇಜು ಹಾಕಿ, ಅದಕ್ಕೆ ವರ್ಗಸಂಖ್ಯೆ ಬೇಡ.

ಹಂತ 7: ಗ್ರಂಥಸೂಚಿಗೆ ಊರಿನ ಮಾತು ಸೇರಿಸಿ

ಅತಿ ಹೆಚ್ಚು ಫಲ ಕೊಡುವ ಹಂತ ಇದು. ಬೇಸರದ ಕೆಲಸವೂ ಹೌದು.

ಮೊದಲು ಒಂದು ಪರೀಕ್ಷೆ. ನಿಮ್ಮ ಪುಸ್ತಕ ಪಟ್ಟಿಯಿಂದ ಒಂದು ಕನ್ನಡ ಶೀರ್ಷಿಕೆಯನ್ನು ನಕಲು ಮಾಡಿ ವಾಟ್ಸಾಪಿನಲ್ಲಿ ಅಂಟಿಸಿ. ಕನ್ನಡವಾಗಿಯೇ ಕಂಡರೆ ಸರಿ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲವಾಗಿ ಕಂಡರೆ ಪಟ್ಟಿ ಯೂನಿಕೋಡ್‌ನಲ್ಲಿಲ್ಲ ಎಂದರ್ಥ. ಯೂನಿಕೋಡ್ ಎಂದರೆ ಎಲ್ಲ ಕಂಪ್ಯೂಟರು, ಮೊಬೈಲುಗಳಿಗೂ ಒಂದೇ ರೀತಿ ಅರ್ಥವಾಗುವ ಅಕ್ಷರ ವ್ಯವಸ್ಥೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ್ದನ್ನು ಯಾವ ಹುಡುಕಾಟವೂ ಹಿಡಿಯದು. ನುಡಿ ತಂತ್ರಾಂಶದಲ್ಲೇ ಪರಿವರ್ತಕವಿದೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ.

ಬಳಿಕ ಕಾಗುಣಿತದ ಭೇದಗಳು. ಊರಿನ ಹೆಸರನ್ನೇ ಶಿರಸಿ, ಸಿರಸಿ, ಸಿರ್ಸಿ ಎಂದು ಮೂರು ಬಗೆಯಾಗಿ ಬರೆಯುತ್ತಾರೆ. ಯಲ್ಲಾಪುರ, ಯಲ್ಲಾಪೂರ ಎರಡೂ ಇವೆ. ಜೊಯಿಡಾ ತಾಲೂಕನ್ನು ಹಿರಿಯರು ಸೂಪಾ ಎಂದೇ ಹುಡುಕುತ್ತಾರೆ. ಮೀನಿನ ಪುಸ್ತಕ ಮಂಗಳೂರಿನಲ್ಲಿ ಅಚ್ಚಾಗಿದ್ದರೆ ಅದರಲ್ಲಿ "ಅಂಜಲ್" ಎಂದಿರುತ್ತದೆ. ಕಾರವಾರದ ಮಾರುಕಟ್ಟೆಯಲ್ಲಿ ಅದು "ಇಸ್ವಾಣ". ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪಿಸುವ ಯುವಕರು ಅಡಿಕೆಯನ್ನು ನಡುವಿನ ಸ್ವರ ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಬಾಯಲ್ಲಿ ಹೇಳಿ ಹುಡುಕುವವರೂ ಇದ್ದಾರೆ. ಕನ್ನಡ ಧ್ವನಿ ಹುಡುಕಾಟ 2017ರಿಂದಲೇ ಇದೆ. ಮನೆಮಾತು ಕೊಂಕಣಿ, ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ ಆಗಿರುವವರು ಆಡಿದ ಮಾತನ್ನು ಯಂತ್ರ ಏನೆಂದು ಬರೆದುಕೊಂಡಿತು ಎಂಬುದು ಪರದೆಯಲ್ಲೇ ಕಾಣುತ್ತದೆ. ಆ ವಿಚಿತ್ರ ರೂಪಗಳನ್ನೂ ಪುಸ್ತಕಕ್ಕೆ ಇಳಿಸಿ.

ಕೋಹಾದಂಥ ತಂತ್ರಾಂಶದಲ್ಲಿ ಪುಸ್ತಕದ ವಿವರವನ್ನು ಮಾರ್ಕ್ ಎಂಬ ಪದ್ಧತಿಯಲ್ಲಿ, ಸಂಖ್ಯೆ ಹಾಕಿದ ಖಾನೆಗಳಲ್ಲಿ ತುಂಬುತ್ತಾರೆ. ಶೀರ್ಷಿಕೆಯ ಬದಲಿ ರೂಪಗಳಿಗೆ 246ನೆಯ ಖಾನೆ, ಅಧಿಕೃತ ಪಟ್ಟಿಯಲ್ಲಿಲ್ಲದ ಬಳಕೆಯ ಪದಗಳಿಗೆ 653ನೆಯ ಖಾನೆ. ಹುಡುಕಾಟದ ಪುಸ್ತಕದಲ್ಲಿ ಕೂಡಿದ ಮಾತುಗಳನ್ನು 653ಕ್ಕೆ ಹಾಕಿ: "ಅಡಿಕೆ ಕೊಳೆ", ಅದರ ಇನ್ನೊಂದು ಹೆಸರಾದ "ಮಹಾಳಿ", "ಬೋರ್ಡೋ". 650ನೆಯ ಖಾನೆಯ ಅಧಿಕೃತ ವಿಷಯ ಶೀರ್ಷಿಕೆಯನ್ನು ಮುಟ್ಟಬೇಡಿ. ಅದು ಅಲ್ಲೇ ಇರಲಿ, ಇದು ಪಕ್ಕದಲ್ಲಿರಲಿ.

ಕಂಪ್ಯೂಟರ್ ಇಲ್ಲದವರು ಇದೇ ಮಾತುಗಳನ್ನು ರಟ್ಟಿನ ಚೀಟಿಗಳಲ್ಲಿ ಬರೆದು ಕಪಾಟಿನ ಅಂಚಿಗೆ ಅಂಟಿಸಿ. "ಕೃಷಿ ವಿಜ್ಞಾನ" ಎಂಬ ಫಲಕದ ಕೆಳಗೆ "ಕೊಳೆ, ಎಲೆಚುಕ್ಕಿ, ಮಂಗನ ಹಾವಳಿ, ಕಾಳುಮೆಣಸು" ಎಂಬ ಚೀಟಿ ಇದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ.

ಇದೇ ದಾರಿಯಲ್ಲಿ ಹಳೆಯ ಪುಸ್ತಕಗಳಿಗೂ ಜೀವ ಬರುತ್ತದೆ. ಅರಣ್ಯ ಹಕ್ಕು ಕಾಯ್ದೆ 2006ರ ಅಡಿಯಲ್ಲಿ, ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸಕ್ಕೆ ಸಾಕ್ಷ್ಯ ತೋರಿಸಬೇಕು. ಕಾಯ್ದೆಯ ನಿಯಮಗಳು ಒಪ್ಪುವ ಸಾಕ್ಷ್ಯಗಳಲ್ಲಿ ಗೆಝೆಟಿಯರ್ (ಜಿಲ್ಲೆಯ ಸಮಗ್ರ ವಿವರದ ಸರ್ಕಾರಿ ಗ್ರಂಥ), ಜನಗಣತಿ, ಸರ್ವೆ ಮತ್ತು ಸೆಟ್ಲ್‌ಮೆಂಟ್ ವರದಿಗಳೂ ಸೇರಿವೆ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1883ರಲ್ಲಿ ಪ್ರಕಟವಾದ ಕೆನರಾ ಗೆಝೆಟಿಯರ್ ಸಂಪುಟವಾಗಲಿ, ಈಚಿನ ಜಿಲ್ಲಾ ಗೆಝೆಟಿಯರ್ ಆಗಲಿ ನಿಮ್ಮಲ್ಲಿದ್ದರೆ ಅದು "ಇತಿಹಾಸ" ಕಪಾಟಿನಲ್ಲಿ ಯಾರೂ ಮುಟ್ಟದೆ ಕುಳಿತಿರುತ್ತದೆ. "ಅತಿಕ್ರಮಣ ಸಕ್ರಮ", "ಅರಣ್ಯ ಹಕ್ಕು ದಾಖಲೆ" ಎಂಬ ಮಾತುಗಳನ್ನು ಅದಕ್ಕೆ ಅಂಟಿಸಿ. ಅರ್ಜಿ ಗೆಲ್ಲುತ್ತದೆಯೇ ಎಂಬುದನ್ನು ಮಾತ್ರ ನೀವು ಹೇಳಲು ಹೋಗಬೇಡಿ. ಪುಟ ತೋರಿಸುವವರೆಗೆ ನಿಮ್ಮ ಕೆಲಸ, ಮುಂದಿನದು ವಕೀಲರದು ಮತ್ತು ಗ್ರಾಮದ ಅರಣ್ಯ ಹಕ್ಕು ಸಮಿತಿಯದು.

ಹಂತ 8: ವರ್ಷದ ಪಂಚಾಂಗ ಮಾಡಿಕೊಳ್ಳಿ

ಹುಡುಕಾಟಕ್ಕೆ ಋತು ಇದೆ. ಮೇ ತಿಂಗಳಲ್ಲಿ ಫಲಿತಾಂಶ, ಪಿಯು ಪ್ರವೇಶ. ಮಳೆ ಹಿಡಿಯುವ ಮೊದಲು ಬೋರ್ಡೋ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವಾಗ ಅಂಕೋಲಾ, ಕುಮಟಾ, ಹೊನ್ನಾವರದ ದೋಣಿಯವರಿಗೆ ಬಿಡುವು. ಯೋಜನೆ, ವಿಮೆ, ಮಕ್ಕಳ ವಿದ್ಯಾರ್ಥಿವೇತನದ ಪ್ರಶ್ನೆಗಳು ಆಗ ಬರುತ್ತವೆ. ಚಳಿಗಾಲದಿಂದ ಬೇಸಗೆಯವರೆಗೆ ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಭಯ. ಆರೋಗ್ಯ ಇಲಾಖೆಯ ಕರಪತ್ರವನ್ನು ಮುಂಚೆಯೇ ತರಿಸಿ ಇಡಿ, ಸಲಹೆ ಕೊಡಲು ಹೋಗಬೇಡಿ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬಂದಾಗ ಅದರ ಇತಿಹಾಸ ಕೇಳಿಕೊಂಡು ಶಾಲಾ ಮಕ್ಕಳು ಸಾಲುಗಟ್ಟುತ್ತಾರೆ.

ಹುಡುಕಾಟ ಏರುವುದಕ್ಕೆ ಎರಡು ವಾರ ಮೊದಲು ಆ ವಿಷಯದ ಪುಸ್ತಕಗಳು ಬಾಗಿಲ ಪಕ್ಕದ ಮೇಜಿಗೆ ಬಂದಿರಬೇಕು. ಗೂಗಲ್ ಟ್ರೆಂಡ್ಸ್ ನಿಜವಾಗಿ ನೆರವಾಗುವುದು ಈ ದಿನಾಂಕಗಳನ್ನು ಅಂದಾಜು ಮಾಡುವುದರಲ್ಲಿ.

ಹಂತ 9: ಲೆಕ್ಕ ನೋಡಿ, ಖರೀದಿಗೆ ಬಳಸಿ

ಎಷ್ಟು ಜನ ಬಂದರು ಎಂಬುದು ಇಲ್ಲಿ ಅಳತೆಗೋಲಲ್ಲ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ನಾಲ್ಕನೆಯ ಕಲಮನ್ನು ಮೂರು ತಿಂಗಳಿಗೊಮ್ಮೆ ಎಣಿಸಿ: "ಇಲ್ಲ" ಎಂಬುದರ ಪಾಲು ಇಳಿದಿದೆಯೇ? ಒಂದೇ ಮಾತು ಮತ್ತೆ ಮತ್ತೆ "ಇಲ್ಲ" ಎಂದು ಬರುತ್ತಿದೆಯೇ? ಎರಡನೆಯದೇ ನಿಮ್ಮ ಖರೀದಿ ಪಟ್ಟಿ.

ಗ್ರಾಮ ಪಂಚಾಯಿತಿ ಸಭೆಗೆ ಹೋಗುವಾಗ ಈ ಪುಟಗಳ ಸಾರಾಂಶವನ್ನು ಒಂದು ಹಾಳೆಯಲ್ಲಿ ಒಯ್ಯಿರಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರ ಅಡಿಯಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರ ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಆ ಹಣದ ಬಗ್ಗೆ ಕೇಳುವ ಹಕ್ಕು ನಿಮಗಿದೆ. "ಪುಸ್ತಕ ಬೇಕು" ಎಂಬ ಮನವಿಯನ್ನು ಕಡತದಲ್ಲಿ ಇಡುವುದು ಸುಲಭ. "ಈ ಮೂರು ತಿಂಗಳಲ್ಲಿ ಈ ವಿಷಯವನ್ನು ಇಷ್ಟು ಸಲ ಕೇಳಿದರು, ನಮ್ಮಲ್ಲಿ ಒಂದೂ ಇರಲಿಲ್ಲ" ಎಂದು ಲೆಕ್ಕ ಮುಂದಿಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ. ಹಾಳೆಯ ಒಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಲು ಮರೆಯಬೇಡಿ.